ಪದಚರ್ಚೆ: ‘ದೀಕ್ಷೆ’, ‘ಶಿಷ್ಯ’, ‘ವಿಶ್ವಾಸವನ್ನು ಜೀವಿಸು’ – ಸಂಸಾರಸ್ಥ ಕಥೋಲಿಕನಿಗೆ ಒಪ್ಪುವ ಮಾತು ಯಾವುದು?

ಮಾನ್ಯರೇ, ನಮಸ್ಕಾರ.

ಪುಣೆಯ ನಗರ್ ರೋಡ್ ಮತ್ತು ಯೆರವಡಾ ಕಡೆ ನೆಲೆಸಿರುವ ನಾವು ಕೆಲವು ಕನ್ನಡ ಕಥೋಲಿಕ ಕುಟುಂಬಗಳವರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಡಿ ಜಪಸರ ಹೇಳುತ್ತೇವೆ. ಭಾನುವಾರದ ಬಲಿಪೂಜೆ (ಚರ್ಚಿನ ಮಾಸ್) ನಮಗೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಸಿಗುವುದರಿಂದ, ದೇವರ ಮಾತನ್ನು ಕನ್ನಡದಲ್ಲಿ ಬಾಯಿಬಿಟ್ಟು ಆಡುವ ಜಾಗ ಅದೊಂದೇ. ಈ ವರ್ಷ ನಮ್ಮ ಪೈಕಿ ಮೂರು ಮನೆಗಳಲ್ಲಿ ಕೂಸುಗಳ ಜ್ಞಾನಸ್ನಾನ (ಇಂಗ್ಲಿಷಿನ ಬ್ಯಾಪ್ಟಿಸಂ) ನಡೆಯಲಿದೆ. ತಂದೆತಾಯಿಗಳಿಗೂ, ಜ್ಞಾನತಂದೆ ಜ್ಞಾನತಾಯಿಯಾಗಿ ನಿಲ್ಲುವವರಿಗೂ ಕೊಡಲು ನಾಲ್ಕು ಪುಟದ ಒಂದು ಕೈಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೇಳಬೇಕಾದ ತಿರುಳು ಇಷ್ಟೇ: ಆ ದಿನ ಮುಗಿಯುವುದು ಸಮಾರಂಭ, ಅಂದು ಮೊದಲಾಗುವ ಯೇಸುವಿನ ಶಿಷ್ಯನ ಬಾಳು ಮನೆಯಲ್ಲಿ, ಕೆಲಸದಲ್ಲಿ, ನೆರೆಹೊರೆಯಲ್ಲಿ ಮುಂದುವರಿಯಬೇಕು. ಬರೆಯಲು ಕುಳಿತ ಮೇಲೆ, ಈ ಒಂದು ವಾಕ್ಯದೊಳಗಿನ ಹೆಚ್ಚುಕಡಿಮೆ ಎಲ್ಲ ಪದಗಳ ಬಗೆಗೂ ನನಗೆ ಸಂದೇಹ ಹುಟ್ಟಿದೆ. ತಿಳಿದವರು ನೆರವಾಗಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಸ್ನಾನದ ಮಾತು. ಹಳೆಯ ತಲೆಮಾರಿನ ಕಥೋಲಿಕರ ಮನೆಮಾತು ‘ಜ್ಞಾನಸ್ನಾನ’. ಪ್ರೊಟೆಸ್ಟಂಟರ ಬೈಬಲಿನ ಮೂಲಕ ಹೆಚ್ಚು ಪರಿಚಿತವಾದದ್ದು ‘ದೀಕ್ಷಾಸ್ನಾನ’. ಈಚಿನ ಕಥೋಲಿಕ ಬರಹಗಳಲ್ಲಿ ‘ಸ್ನಾನದೀಕ್ಷೆ’ಯೂ ಕಾಣುತ್ತದೆ. ಮೂಲದ ಗ್ರೀಕ್ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂದಷ್ಟೇ ಅರ್ಥ. ಇಲ್ಲಿಯ ಮರಾಠಿ ಕ್ರೈಸ್ತರು ಆ ಪದವನ್ನೇ ‘ಬಾಪ್ತಿಸ್ಮಾ’ ಎಂದು ಉಳಿಸಿಕೊಂಡರು, ಗೋವಾದ ಕೊಂಕಣಿಗರು ಪೋರ್ಚುಗೀಸಿನ ದಾರಿಯಲ್ಲಿ ಅದನ್ನು ಪಡೆದರು. ಕನ್ನಡದವರಾದರೋ ತಮಗೆ ಪರಿಚಿತವಾದ ಸ್ನಾನವನ್ನು ಮುಂದಿಟ್ಟು, ಅದು ಬರಿಯ ಮೈ ತೊಳೆಯುವ ಸ್ನಾನವಲ್ಲವೆಂದು ತಿಳಿಸಲು ಇನ್ನೊಂದು ಪದವನ್ನು ಜೋಡಿಸಿದರು. ತಮಿಳಿನಲ್ಲೂ ‘ಞಾನಸ್ನಾನ’ವೇ ಇದೆ. ತಮಿಳು ಕ್ರೈಸ್ತರ ಬಳಕೆಯಲ್ಲಿ ‘ಞಾನ’ ಎಂದರೆ ತಿಳಿವಳಿಕೆ ಎನ್ನುವುದಕ್ಕಿಂತ ಆತ್ಮಕ್ಕೆ ಸಂಬಂಧಪಟ್ಟದ್ದು ಎಂಬ ಅರ್ಥವೇ ಮುಂದು; ಜ್ಞಾನತಂದೆ ಎಂಬಲ್ಲಿಯೂ ಅದೇ ಅರ್ಥ. ಹದಿನೇಳನೆಯ ಶತಮಾನದಲ್ಲಿ ಮದುರೆಯಲ್ಲೂ ಮೈಸೂರು ಸೀಮೆಯಲ್ಲೂ ಯೇಸುಸಭೆಯ (ಜೆಸ್ವಿಟ್) ಗುರುಗಳು ಕೆಲಸ ಮಾಡಿದ್ದನ್ನು ನೆನೆದರೆ, ಪದದ ಈ ನಂಟು ಸಹಜವೆನಿಸುತ್ತದೆ. 1606ರಲ್ಲಿ ಮದುರೆಗೆ ಬಂದು ದೇಶೀ ಪದಗಳಲ್ಲೇ ಧರ್ಮವನ್ನು ಬೋಧಿಸಿದ ರೊಬೆರ್ತೊ ಡಿ ನೊಬಿಲಿಯವರ ಹೆಸರಿನ ಡಿ ನೊಬಿಲಿ ಕಾಲೇಜು ಇದೇ ನಗರ್ ರೋಡಿನಲ್ಲಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ಪದಗಳ ನೆನಪಾಗುತ್ತದೆ. ಆದರೆ ಇಂದಿನ ಕನ್ನಡದ ಕಿವಿಗೆ ಜ್ಞಾನವೆಂದರೆ ಓದಿ ತಿಳಿದದ್ದು. ‘ಏನೂ ತಿಳಿಯದ ಕೂಸಿಗೆ ಜ್ಞಾನಸ್ನಾನ ಹೇಗಾಗುತ್ತದೆ?’ ಎಂದು ಒಬ್ಬ ತಂದೆ ಕೇಳಿದ ಪ್ರಶ್ನೆ ಪ್ರಾಮಾಣಿಕವಾದದ್ದು, ಅದು ಹುಟ್ಟಿದ್ದು ಪದದ ಅರ್ಥ ಸರಿದದ್ದರಿಂದ.

ಹಾಗಾದರೆ ಸ್ನಾನದೀಕ್ಷೆ ಎಂದೇ ಬರೆಯೋಣವೆಂದು ಕರಡಿನಲ್ಲಿ ಹಾಗೆಯೇ ಬರೆದೆ. ಅದನ್ನು ಓದಿ ಹೇಳಿದಾಗ, ಚಿಕ್ಕಮಗಳೂರು ಕಡೆಯಿಂದ ಮಗನ ಮನೆಗೆ ಬಂದಿರುವ ಹಿರಿಯ ತಾಯಿಯೊಬ್ಬರು, ‘ದೀಕ್ಷೆ ಅಂದ್ರೆ ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ ಅಲ್ವೇನಪ್ಪ? ನಾವು ಸಂಸಾರಸ್ಥರು’ ಎಂದರು. ನಾನು ಈ ಪತ್ರ ಬರೆಯಲು ಅವರ ಆ ಮಾತೇ ಕಾರಣ. ಯಾಜಕನಾಗುವುದಕ್ಕೆ ನಾವು ‘ಗುರುದೀಕ್ಷೆ’ ಎನ್ನುತ್ತೇವೆ. ಹೊರಗೆ ಸಂನ್ಯಾಸದೀಕ್ಷೆ ಎನ್ನುವ ಬಳಕೆಯೂ ಇದೆ. ಹೀಗಾಗಿ ಪದವು ಸಂಸಾರ ಬಿಟ್ಟುಹೋಗುವವರ ಕಡೆಗೆ ವಾಲಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ‘ಸಂವಿಧಾನ’ವೆಂಬ ಬೋಧನಾಪತ್ರ ಹೇಳುವುದು ಇದಕ್ಕೆ ತೀರ ಬೇರೆ: ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬರೂ ಕ್ರಿಸ್ತರ ಯಾಜಕತ್ವದಲ್ಲಿ, ಪ್ರವಾದಿತ್ವದಲ್ಲಿ, ರಾಜತ್ವದಲ್ಲಿ ಪಾಲುಗಾರರು, ಶ್ರೀಸಾಮಾನ್ಯರು (ಯಾಜಕರೂ ಸಂನ್ಯಾಸಿಗಳೂ ಅಲ್ಲದ ವಿಶ್ವಾಸಿಗಳು) ಲೋಕದ ಕೆಲಸಗಳ ನಡುವೆಯೇ ಇದ್ದು, ಹಿಟ್ಟಿನೊಳಗಿನ ಹುಳಿಯಂತೆ ಒಳಗಿನಿಂದ ಲೋಕವನ್ನು ಪವಿತ್ರಗೊಳಿಸಬೇಕಾದವರು. (ಈ ‘ಹುಳಿಹಿಟ್ಟು’ ನಮ್ಮ ಅಡುಗೆಮನೆಗೆ ದೂರದ್ದು, ಹಾಲಿಗೆ ಹಾಕುವ ‘ಹೆಪ್ಪು’ ಎಂದರೆ ಯಾರಿಗೂ ವಿವರಣೆ ಬೇಕಾಗದು ಎಂಬುದು ನನ್ನ ಅನಿಸಿಕೆ.)

ಇನ್ನು ‘ಶಿಷ್ಯ’. ಶುಭಸಂದೇಶದ (ಸುವಾರ್ತೆಯ) ಗ್ರೀಕ್ ಪದಕ್ಕೂ ಅದರ ಲ್ಯಾಟಿನ್ ರೂಪಕ್ಕೂ ‘ಕಲಿಯುವವನು’ ಎಂಬುದೇ ಮೂಲಾರ್ಥ. ಸಂಸ್ಕೃತದ ಶಿಷ್ಯ ಕಲಿಸಿಕೊಳ್ಳಬೇಕಾದವನು, ಶಾಸನಕ್ಕೆ ಒಳಪಟ್ಟವನು. ಅಂತರ ಸಣ್ಣದಾದರೂ ಕಥೋಲಿಕರಲ್ಲಿ ಅದು ಬೆಳೆಯುತ್ತದೆ, ಏಕೆಂದರೆ ನಾವು ಯಾಜಕರನ್ನೇ ‘ಗುರುಗಳು’ ಎಂದು ಕರೆಯುತ್ತೇವೆ. ಗುರುಗಳು ಎದುರಿಗಿದ್ದಾಗ ಶಿಷ್ಯನೆಂದರೆ ಅವರ ಶಿಷ್ಯನೇ ಎಂದು ಮನಸ್ಸು ತಾನಾಗಿ ತಿಳಿಯುತ್ತದೆ. ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಯೇಸು ತಮ್ಮವರಿಗೆ, ನಿಮಗಿರುವ ಗುರು ಒಬ್ಬನೇ, ನೀವೆಲ್ಲರೂ ಸಹೋದರರು ಎಂಬರ್ಥದ ಮಾತನ್ನು ಹೇಳುತ್ತಾರೆ. ನಮ್ಮ ಪದಬಳಕೆ ಆ ಮಾತನ್ನು ಮರೆಸುವಂತಿದೆ. ‘ಶಿಷ್ಯತ್ವ’ ಎಂಬ ಭಾವನಾಮ ಪುಸ್ತಕದ್ದು. ‘ಶಿಷ್ಯವೃತ್ತಿ’ಯಂತೂ ಪುಣೆಯಲ್ಲಿ ನಡೆಯುವುದೇ ಇಲ್ಲ: ಮರಾಠಿಯಲ್ಲಿ ಅದು ವಿದ್ಯಾರ್ಥಿವೇತನ, ಇಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನು ಓದಿ ಹಣದ ವಿಷಯವೆಂದೇ ತಿಳಿಯುತ್ತಾರೆ. ‘ಅನುಯಾಯಿ’ ರಾಜಕೀಯ ನಾಯಕರ ಹಿಂದಿನವರಿಗೆ ಸಲ್ಲುತ್ತಿದೆ; ‘ಹಿಂಬಾಲಕ’ ಎಂದರೆ ಗೌರವವೇ ಹೋಗುತ್ತದೆ.

ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ನನಗೆ ದೊರೆತ ಒಂದು ಹಳೆಯ ಪದವನ್ನು ತಮ್ಮ ಮುಂದಿಡುತ್ತೇನೆ. ಶ್ರವಣಬೆಳಗೊಳದ ಶಾಸನಗಳಲ್ಲಿ, ಮುನಿಗಳ ಬಳಿ ಧರ್ಮವನ್ನು ಕಲಿತು ಮನೆಯಲ್ಲಿದ್ದುಕೊಂಡೇ ಅದರಂತೆ ನಡೆಯುವ ಶಿಷ್ಯನನ್ನು ‘ಗುಡ್ಡ’, ಶಿಷ್ಯೆಯನ್ನು ‘ಗುಡ್ಡಿ’ ಎಂದು ಕರೆದಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿ. ಅರಮನೆ, ಸಂಸಾರ, ಅಧಿಕಾರ ಯಾವುದನ್ನೂ ಬಿಡದೆ ಆಕೆ ಶಿಷ್ಯೆಯಾಗಿದ್ದಳು, ಆ ಶಿಷ್ಯತ್ವಕ್ಕೆ ಕನ್ನಡದಲ್ಲಿ ಹೆಸರೂ ಇತ್ತು. ಮಲೆಮಹದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರಲ್ಲಿ ಆ ಪದ ಇಂದಿಗೂ ಉಳಿದಿದೆ. ಅವರೂ ದೀಕ್ಷೆ ಪಡೆದವರೇ, ಹೆಂಡತಿ ಮಕ್ಕಳೊಡನೆ ಬಾಳುವವರೇ. ವೀರಶೈವ ಮನೆಗಳಲ್ಲಿ ಲಿಂಗದೀಕ್ಷೆ ಪಡೆದವರು ಒಕ್ಕಲುತನವನ್ನೋ ವ್ಯಾಪಾರವನ್ನೋ ಬಿಟ್ಟು ಹೋಗುವುದಿಲ್ಲ. ಆದ್ದರಿಂದ ದೀಕ್ಷೆ ಎಂಬ ಪದದಲ್ಲಿ ದೋಷವಿಲ್ಲ, ಅದನ್ನು ಗುರುಮಠಕ್ಕೆ (ಯಾಜಕರಾಗುವವರು ಕಲಿಯುವ ಮನೆಗೆ) ಮೀಸಲಿಟ್ಟ ನಮ್ಮ ರೂಢಿಯಲ್ಲಿ ಅದು ಕುಗ್ಗಿದೆ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ‘ಗುಡ್ಡ’ ಇಂದು ಬೆಟ್ಟದ ತಮ್ಮನಾಗಿರುವುದರಿಂದ ಅದನ್ನು ಕೈಪತ್ರದಲ್ಲಿ ಬಳಸಲಾರೆ. ಆದರೆ ಸಂಸಾರದೊಳಗಿನ ಶಿಷ್ಯನಿಗೆ ಬೇರೆ ಯಾವುದಾದರೂ ಕನ್ನಡ ಪದ, ಶಾಸನದಲ್ಲೋ ಆಡುಮಾತಿನಲ್ಲೋ, ತಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು. ‘ಒಕ್ಕಲು’ ಎಂಬ ಮಾತನ್ನೂ ಯೋಚಿಸಿದೆ. ಇಂಥ ದೇವರ ಒಕ್ಕಲು ಎನ್ನುವಾಗ ಇಡೀ ಮನೆತನವೇ ಒಬ್ಬ ದೇವರಿಗೆ ಸೇರಿದ ಭಾವ ಬರುತ್ತದೆ. ಕೂಸಿನ ಸ್ನಾನಕ್ಕೆ ಅದು ಹತ್ತಿರವೇ. ಆದರೆ ಬೆಳೆದ ಮೇಲೆ ಒಬ್ಬೊಬ್ಬರೂ ತಾವಾಗಿ ಕೊಡಬೇಕಾದ ಒಪ್ಪಿಗೆ ಅದರಲ್ಲಿ ಕಾಣುವುದಿಲ್ಲ.

ಮೂರನೆಯದು ವ್ಯಾಕರಣದ ತೊಡಕು. ‘ನಿಮ್ಮ ವಿಶ್ವಾಸವನ್ನು ಜೀವಿಸಿರಿ’, ‘ಸ್ನಾನದೀಕ್ಷೆಯನ್ನು ಬದುಕಿರಿ’ ಎಂಬಂಥ ವಾಕ್ಯಗಳನ್ನು ನಾನು ಧಾರ್ಮಿಕ ಬರಹಗಳಲ್ಲಿ ಆಗಾಗ ಓದುತ್ತೇನೆ. ‘ಜೀವಿಸು’, ‘ಬದುಕು’ ಎರಡೂ ಅಕರ್ಮಕ ಧಾತುಗಳು. ‘ಬಾಳು’ ಧಾತುವಿಗೆ ‘ಒಳ್ಳೆಯ ಬಾಳನ್ನು ಬಾಳಿದ’ ಎಂಬಂತೆ ತನ್ನದೇ ನಾಮಪದವನ್ನು ಕರ್ಮವಾಗಿ ಹಿಡಿಯುವ ಶಕ್ತಿಯಿದ್ದರೂ, ಅದಕ್ಕಿಂತ ದೂರ ಎಳೆದರೆ ವಾಕ್ಯ ಕುಂಟುತ್ತದೆ. ‘ಆಚರಿಸು’ ಎಂದರೆ ಹಬ್ಬ ನೆನಪಾಗುತ್ತದೆ, ‘ಪಾಲಿಸು’ ಎಂದರೆ ಕಟ್ಟಳೆ. ವಿಶ್ವಾಸವೆಂಬ ನಾಮಪದದ ಪಾಡೂ ಸುಲಭದ್ದಲ್ಲ: ಮರಾಠಿಯ ‘ಶ್ರದ್ಧಾ’ ನಮ್ಮಲ್ಲಿ ಓದಿನ ಮೇಲಿನ ಗಮನವೂ ಆಗುತ್ತದೆ, ‘ವಿಶ್ವಾಸ’ ಪ್ರೀತಿವಿಶ್ವಾಸವೆಂಬ ಜೋಡಿಯಲ್ಲಿ ಸ್ನೇಹವಾಗುತ್ತದೆ, ಬಲಿಪೂಜೆಯ ‘ವಿಶ್ವಾಸಿಸುತ್ತೇನೆ’ ಚರ್ಚಿನ ಹೊರಗೆ ಯಾರ ಬಾಯಲ್ಲೂ ಇಲ್ಲ. ಆದರೂ ನಾನು ವಿಶ್ವಾಸವನ್ನೇ ಉಳಿಸಿಕೊಳ್ಳುತ್ತೇನೆ. ದೇವರೊಡನೆ ವಿಶ್ವಾಸದಿಂದಿರುವುದು ಎಂದಾಗ ನಂಬಿಕೆಯೂ ನಂಟೂ ಒಂದೇ ಪದದಲ್ಲಿ ಕೂಡುವುದು ನನಗೆ ಲಾಭವೆಂದೇ ತೋರುತ್ತದೆ.

ಕ್ರಿಯಾಪದಕ್ಕೆ ನನ್ನ ಸೂಚನೆ ‘ನಡೆ’. ಈ ಧಾತುವಿನಲ್ಲಿ ಕಾಲ್ನಡಿಗೆಯೂ ಇದೆ, ನಡತೆಯೂ ಇದೆ. ಕ್ರೈಸ್ತರಿಗೆ ಆ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ ಎಂದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 11ನೆಯ ಅಧ್ಯಾಯ ಹೇಳುತ್ತದೆ. ಅದಕ್ಕೆ ಮೊದಲು, 9ನೆಯ ಅಧ್ಯಾಯದಲ್ಲಿ, ಅವರನ್ನು ಆ ‘ಮಾರ್ಗ’ದವರು ಎಂದೇ ಗುರುತಿಸಿದೆ. ಶಿಷ್ಯನೆಂದರೆ ಆ ದಾರಿಯಲ್ಲಿ ಯೇಸುವಿನ ಹೆಜ್ಜೆ ನೋಡಿಕೊಂಡು ನಡೆಯುತ್ತ ಕಲಿಯುವವನು. ಆದ್ದರಿಂದ ‘ಶಿಷ್ಯತ್ವವನ್ನು ಜೀವಿಸುವುದು’ ಎಂಬುದಕ್ಕೆ ‘ಯೇಸುವಿನಿಂದ ಕಲಿಯುತ್ತ ನಡೆಯುವುದು’ ಎಂದು ಬರೆದಿದ್ದೇನೆ. ನಮ್ಮ ಗುಂಪಿನ ಒಬ್ಬ ನರ್ಸ್, ರಾತ್ರಿಪಾಳಿಯಲ್ಲಿ ಯಾರೂ ನೋಡದಿರುವಾಗಲೂ ರೋಗಿಯ ಹಾಸಿಗೆ ಬದಲಿಸುವಾಗ ತಾನು ಮನಸ್ಸಿನಲ್ಲಿ ಹೇಳಿಕೊಳ್ಳುವ ಚಿಕ್ಕ ಪ್ರಾರ್ಥನೆಯನ್ನು ಒಮ್ಮೆ ಹಂಚಿಕೊಂಡರು. ಅದನ್ನು ಶಿಷ್ಯತ್ವ ಎಂದರೆ ಅವರು ಸಂಕೋಚಪಡುತ್ತಾರೆ, ‘ನಡೆ’ ಎಂದರೆ ಒಪ್ಪುತ್ತಾರೆ. ಸ್ನಾನದ ವಿಧಿಯಲ್ಲಿಯೇ ಇದಕ್ಕೆ ಆಧಾರವಿದೆ: ‘ಎಪ್ಫಥಾ’, ಅಂದರೆ ತೆರೆಯಲಿ, ಎಂಬ ಅರಮಾಯಿಕ್ ಪದದ ಹೆಸರಿನ ಪ್ರಾರ್ಥನೆಯಲ್ಲಿ ಗುರುಗಳು ಕೂಸಿನ ಕಿವಿಯನ್ನೂ ಬಾಯಿಯನ್ನೂ ಮುಟ್ಟಿ, ಅದು ದೇವರ ವಾಕ್ಯವನ್ನು ಕೇಳುವಂತೆಯೂ ವಿಶ್ವಾಸವನ್ನು ಸಾರುವಂತೆಯೂ ಬೇಡುತ್ತಾರೆ. ಕಿವಿ ಮೊದಲು, ಬಾಯಿ ಆಮೇಲೆ.

ಕೊನೆಯದಾಗಿ ಕಾಲದ ಪ್ರಶ್ನೆ. ‘ನನಗೆ ಜ್ಞಾನಸ್ನಾನ ಆಯಿತು’ ಎಂದಾಗ ಅದು ಮುಗಿದ ಸಂಗತಿ. ಸ್ನಾನದೀಕ್ಷೆಯನ್ನು ಮತ್ತೆ ಕೊಡುವಂತಿಲ್ಲ, ಅದು ಆತ್ಮದ ಮೇಲೆ ಒತ್ತಿದ ಅಳಿಯದ ಮುದ್ರೆ ಎಂಬುದು ಧರ್ಮಸಭೆಯ ಬೋಧನೆ. ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಉರಿಯುವ ಮೇಣದಬತ್ತಿ ಹಿಡಿದು ಪ್ರತಿವರ್ಷ ನವೀಕರಿಸುವುದು ಸ್ನಾನದಂದು ಕೊಟ್ಟ ಮಾತನ್ನು, ಸ್ನಾನವನ್ನಲ್ಲ. ಆಗಿಹೋದದ್ದೂ ಇಂದಿಗೂ ಇರುವುದೂ ಒಟ್ಟಿಗೆ ಬರಬೇಕಾದರೆ ‘ಪಡೆದೆ’ ಎಂಬುದಕ್ಕಿಂತ ‘ಪಡೆದಿದ್ದೇನೆ’ ಎಂಬುದು ಮೇಲು, ‘ಸ್ನಾನದೀಕ್ಷಿತ’ ಎಂಬ ಗುಣವಾಚಕ ಇನ್ನೂ ಮೇಲು ಎಂದು ನನಗನ್ನಿಸುತ್ತದೆ. ‘ನಾನು ಸ್ನಾನದೀಕ್ಷಿತ’ ಎಂದು ಒಬ್ಬ ಕಾವಲುಗಾರನೋ ಗುಮಾಸ್ತನೋ ಹೇಳಿಕೊಂಡರೆ ತಮ್ಮ ಕಿವಿಗೆ ಅದು ಸಹಜವಾಗಿ ಕೇಳಿಸುತ್ತದೆಯೇ? ಹೆಂಗಸರು ‘ಸ್ನಾನದೀಕ್ಷಿತೆ’ ಎನ್ನಬೇಕೆ, ಅಥವಾ ಎರಡಕ್ಕೂ ಒಂದೇ ರೂಪ ಸಾಕೆ? ಕೈಪತ್ರ ಅಚ್ಚಿಗೆ ಹೋಗುವ ಮೊದಲು ಆ ಹಿರಿಯ ತಾಯಿಗೆ ಮತ್ತೊಮ್ಮೆ ಓದಿ ಹೇಳಬೇಕೆಂದಿದ್ದೇನೆ. ಅಷ್ಟರೊಳಗೆ ತಮ್ಮ ಅಭಿಪ್ರಾಯ ತಿಳಿದರೆ ಉಪಕಾರವಾಗುತ್ತದೆ.