ಅಮ್ಮನಿಗೆ ಸೊಪ್ಪು, ಅಪ್ಪನಿಗೆ ಮೀನು: ಲಿಗೂರಿಯ ಕರಾವಳಿಯಲ್ಲಿ ಎಲ್ಲಿ ಉಣ್ಣೋದು?

ಪ್ರಶ್ನೆ, ಬೆಂಗಳೂರಿನಿಂದ

ಸೆಪ್ಟೆಂಬರ್ ಕೊನೇ ವಾರ ಅಪ್ಪ ಅಮ್ಮನನ್ನ ಕರ್ಕೊಂಡು ಇಟಲಿಗೆ ಹೊರಟಿದೀನಿ. ರೋಮ್, ಫ್ಲಾರೆನ್ಸ್ ಆದಮೇಲೆ ಐದು ರಾತ್ರಿ ಲಿಗೂರಿಯ ಕರಾವಳಿ. ಎರಡು ಜೆನೋವದಲ್ಲಿ, ಮೂರು ಚಿಂಕ್ವೆ ತೆರ್ರೆ (ಕಡಲಂಚಿನ ಐದು ಹಳ್ಳಿಗಳು) ಪಕ್ಕದ ಲೆವಂತೊದಲ್ಲಿ. ಅಮ್ಮ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ. ಅಪ್ಪ ಮನೆಯಿಂದ ಹೊರಗೆ ಮೀನು ತಿಂತಾರೆ, ಅಮ್ಮನಿಗೆ ಗೊತ್ತಿದೆ, ಗೊತ್ತಿಲ್ಲದ ಹಾಗೆ ಇರ್ತಾರೆ. ಫೋನಲ್ಲಿ ನೋಡಿದ್ರೆ ಎಲ್ಲಾ ಹೋಟೆಲಿಗೂ ನಾಲ್ಕೂವರೆ ಸ್ಟಾರು. ಊರಿನವರು ಉಣ್ಣೋ ಜಾಗ ಪತ್ತೆ ಮಾಡೋದು ಹೇಗೆ? ಹೋಗಿ ಬಂದವರು, ಅಲ್ಲೇ ಇರೋರು ದಯವಿಟ್ಟು ಹೇಳಿ.

ಜೆನೋವದಲ್ಲಿ ಓದುತ್ತಿರುವ ಶಿವಮೊಗ್ಗದವನು

ನಾಲ್ಕು ವರ್ಷದಿಂದ ಇಲ್ಲಿದೀನಿ ಅಕ್ಕ. ಅಮ್ಮನ ಚಿಂತೆ ಬಿಡಿ. ಹೆಸರಿಗೆ ಕರಾವಳಿ, ಅಡುಗೆ ಮಾತ್ರ ಬೆಟ್ಟದ್ದು. ಬೆಟ್ಟ ನೇರ ಸಮುದ್ರಕ್ಕೇ ಇಳಿಯುತ್ತೆ, ದನ ಮೇಯಿಸೋಕೆ ಬಯಲಿಲ್ಲ. ಹಾಗಾಗಿ ಸೊಪ್ಪು, ಕಡಲೆಹಿಟ್ಟು, ಆಲಿವ್ ಎಣ್ಣೆ, ಅಕ್ರೋಟು, ಬೆಸಿಲ್ ಎಲೆ ಇವುಗಳಲ್ಲೇ ಬಾಳ್ವೆ ಮಾಡಿದ ಜನ.

ನಾನು ಹೇಳೋದು ಇಷ್ಟೇ: ಹೋಟೆಲ್ ಹುಡುಕಬೇಡಿ, ತಿಂಡಿ ಹುಡುಕಿ. ಮದ್ದೂರಿಗೆ ಹೋದವರು ವಡೆ ಕೇಳ್ತಾರೆ, ದಾವಣಗೆರೆಗೆ ಹೋದವರು ಬೆಣ್ಣೆದೋಸೆ ಕೇಳ್ತಾರೆ. ಅಲ್ಲಿ ಹೋಗಿ ನೂಡಲ್ಸ್ ಕೇಳಿದ್ರೆ ಅವರದ್ದೇನು ತಪ್ಪು? ಇಲ್ಲೂ ಒಂದೊಂದು ಊರಿಗೆ ಒಂದೊಂದು ತಿಂಡಿ. ಅದನ್ನ ಆ ಊರಲ್ಲಿ, ಅದರ ಹೊತ್ತಿಗೆ ತಿಂದ್ರೆ ಸಾಧಾರಣ ಅಂಗಡಿಯಲ್ಲೂ ಚೆನ್ನಾಗಿರುತ್ತೆ.

ಜೆನೋವದಲ್ಲಿ ಅಮ್ಮನಿಗೆ ಮೊದಲು ಫರಿನಾತ ತಿನ್ನಿಸಿ. ಹಳೇ ಬಂದರಿನ ಎದುರು ಸೊತ್ತೊರಿಪ ಅಂತ ಕಮಾನುಗಳ ಸಾಲಿದೆ. ಅಲ್ಲಿ ಮತ್ತು ಅದರ ಹಿಂದಿನ ಓಣಿಗಳಲ್ಲಿ ಹಳೇ ಕಾಲದ ಕರಿಯೋ, ಬೇಯಿಸೋ ಅಂಗಡಿಗಳಿವೆ. ಸ್ಥಳೀಯ ಮಾತಲ್ಲಿ 'ಶಮಾದ್ದ', ಉರಿ ಅಂತ ಅರ್ಥ. ಫರಿನಾತಕ್ಕೆ ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಮುಗೀತು. ಮೊಟ್ಟೆ ಇಲ್ಲ, ಈಸ್ಟ್ ಇಲ್ಲ. ಹಿಟ್ಟು ಕಲಸಿ ಗಂಟೆಗಟ್ಟಲೆ ಬಿಟ್ಟು, ಮೇಲೆ ಬಂದ ನೊರೆ ತೆಗೆದು, ಕಲಾಯಿ ಹಾಕಿದ ತಾಮ್ರದ ಅಗಲ ತಟ್ಟೆಗೆ ಹುಯ್ದು ಸೌದೆ ಒಲೆಗೆ ತಳ್ತಾರೆ. ನಾನು ಹೋಗೋ ಅಂಗಡಿಯಲ್ಲಿ ತಟ್ಟೆ ಹೊರಬಂದ ತಕ್ಷಣ ಮಾತೆಲ್ಲ ನಿಂತುಹೋಗುತ್ತೆ. ಮೇಲೆ ಕೆಂಪು ಗುಳ್ಳೆ, ಅಂಚು ಗರಿಗರಿ, ಒಳಗೆ ಇನ್ನೂ ಮೆತ್ತಗೆ. ಅಜ್ಜ ಅಂಚಿನ ತುಂಡು ಯಾರಿಗೆ ಕೊಡ್ತಾನೆ ಅಂತ ಎಲ್ಲರೂ ಅವನ ಕೈಯನ್ನೇ ನೋಡ್ತಾ ನಿಂತಿರ್ತಾರೆ. ಮೇಲೆ ಕರಿಮೆಣಸಿನ ಪುಡಿ ಉದುರಿಸಿಕೊಳ್ಳಿ. ಆರಿದ ಮೇಲೆ ತಿಂದ್ರೆ ಅರ್ಧ ರುಚಿ ಹೋಯ್ತು. ಗಾಜಿನ ಪೆಟ್ಟಿಗೆಯಲ್ಲಿ ಬೆಳಗಿನಿಂದ ಕೂತ ತುಂಡು ಕಂಡ್ರೆ ಮುಂದೆ ಹೋಗಿ.

ಬೆಳಗಿನ ತಿಂಡಿಗೆ ಫೊಕಾಚ್ಚ, ಎಣ್ಣೆ ಹಾಕಿದ ಚಪ್ಪಟೆ ಬ್ರೆಡ್ಡು. ಇಲ್ಲಿನವರು ಅದನ್ನ ಕಾಪುಚೀನೊದಲ್ಲಿ ಅದ್ದಿ ತಿಂತಾರೆ, ಉಪ್ಪು ಎಣ್ಣೆ ಎಲ್ಲಾ ಸಮೇತ. ಚಹಾದಲ್ಲಿ ಖಾರಾ ಬಿಸ್ಕತ್ತು ಅದ್ದೋ ನಮಗೆ ವಿಚಿತ್ರ ಅನ್ನಿಸಬಾರದು. ತೂಕದ ಲೆಕ್ಕದಲ್ಲಿ ಮಾರ್ತಾರೆ; 'ಉನ್ ಎತ್ತೊ' ಅಂದ್ರೆ 100 ಗ್ರಾಂ.

ಪೆಸ್ತೊ, ಅಂದ್ರೆ ಬೆಸಿಲ್ ಎಲೆ ಅರೆದ ಚಟ್ನಿ, ಅದರ ಬಗ್ಗೆ ಹೆಚ್ಚು ಹೇಳಲ್ಲ, ಎಲ್ಲರಿಗೂ ಗೊತ್ತು. ತ್ರೊಫಿಯೆ ಅನ್ನೋ ತಿರುಚಿದ ಪಾಸ್ತಾ ಕೇಳಿ, ಅದು ಸಾಮಾನ್ಯವಾಗಿ ಬರೀ ಹಿಟ್ಟು ನೀರು, ಮೊಟ್ಟೆ ಇರಲ್ಲ. ಆಲೂಗೆಡ್ಡೆ, ಹುರುಳಿಕಾಯಿ ಜೊತೆ ಬಂದ್ರೆ ಅದೇ ಊರಿನ ಪದ್ಧತಿ. ಪೆಸ್ತೊವನ್ನ ಇಲ್ಲಿ ಒಲೆ ಮೇಲೆ ಇಡೋದೇ ಇಲ್ಲ. ಬಾಣಲೆಯಲ್ಲಿ ಬಿಸಿ ಮಾಡಿ ಕಪ್ಪಗೆ ಕೊಟ್ಟವರ ಹತ್ತಿರ ಎರಡನೇ ಸಲ ಹೋಗಬೇಡಿ.

ಮಂಗಳೂರು, ಹಡಗಿನ ಕೆಲಸ

ಅಪ್ಪನ ಮೀನಿನ ವಿಷಯ ನಾನು ಹೇಳ್ತೇನೆ. ಜೆನೋವ, ಲಾ ಸ್ಪೆತ್ಸಿಯ ಎರಡೂ ಬಂದರಲ್ಲಿ ಹಡಗು ನಿಂತಾಗೆಲ್ಲ ಇಳಿದು ತಿಂದವ ನಾನು. ಮೊದಲು ನಾನು ಬಿದ್ದ ಗುಂಡಿ ನೋಡಿ. ಒಂದು ಊರು, ಹೆಸರು ಬೇಡ, ನೀರಿಗೆ ಮುಖ ಮಾಡಿದ ಹೋಟೆಲು. ಮೆನುವಿನಲ್ಲಿ ಒರಾತ ಅಂತ ಮೀನು, ಪಕ್ಕದಲ್ಲಿ 6.50 ಅಂತ ಉಂಟು. ಅಯ್ಯೋ ಎಷ್ಟು ಅಗ್ಗ ಅಂತ ಇಡೀ ಮೀನು ಹೇಳಿದೆ. ಒಳ್ಳೆ ಸುಟ್ಟು ತಂದ, ಮುಳ್ಳು ಬಿಡಿಸಿ ಕೊಟ್ಟ, ನಾನು ರಾಜನ ಹಾಗೆ ತಿಂದೆ. ಬಿಲ್ಲು ಬಂತು, ಮೀನಿಗೆ ಮಾತ್ರ 58 ಯೂರೊ 50 ಸೆಂಟ್. ಮೆನು ಪುನಃ ತರಿಸಿ ನೋಡ್ತೇನೆ, ಸಣ್ಣ ಅಕ್ಷರದಲ್ಲಿ 'ಅಲ್ ಎತ್ತೊ'. 100 ಗ್ರಾಮಿಗೆ ಆರೂವರೆ ಮಾರಾಯ್ರೆ, ಮೀನು 900 ಗ್ರಾಂ. ಅವನದ್ದು ಮೋಸ ಅಲ್ಲ, ಬರೆದದ್ದು ಬರೆದಿದ್ದಾನೆ. ಈಗ ನಾನು ಹಸಿ ಮೀನು ಮೇಜಿಗೆ ತಂದು ತೋರಿಸ್ಲಿಕ್ಕೆ ಹೇಳ್ತೇನೆ, ತೂಕ ಕೇಳ್ತೇನೆ, ಆಮೇಲೆ ಹೂಂ ಅಂತೇನೆ. ಒಳ್ಳೆಯ ಕಡೆ ಅವರೇ ತಂದು ತೋರಿಸ್ತಾರೆ.

ಇನ್ನೊಂದು, ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಉಂಟಾ ನೋಡಿ. ಕೆಳಗೆ 'ಸುರ್ಜೆಲಾತೊ' ಅಂತ ಬರೆದಿದ್ರೆ ಫ್ರೀಜರಿನ ಮಾಲು. ಸಿಗಡಿಗೆ, ಬೊಂಡಾಸಿಗೆ ತುಂಬ ಕಡೆ ಇರ್ತದೆ. ಮೀನಿನ ಊರಿನಲ್ಲಿ ಎಲ್ಲದಕ್ಕೂ ನಕ್ಷತ್ರ ಇದ್ರೆ ಎದ್ದು ಬನ್ನಿ.

ದೊಡ್ಡ ಮೀನಿಗೆ ಆಸೆ ಪಡ್ಬೇಡಿ. ಈ ಕರಾವಳಿಯದ್ದು ಸಣ್ಣ ಮೀನು, ಅಚ್ಚೂಗೆ. ನಮ್ಮ ಕೊಲ್ಲತರುವಿನ ನೆಂಟ. ಚಿಂಕ್ವೆ ತೆರ್ರೆಯ ಮೊಂತೆರೊಸ್ಸೊದ್ದು ಹೆಸರುವಾಸಿ. ರಾತ್ರಿ ದೋಣಿಯಲ್ಲಿ ದೀಪ ಹಾಕಿ ಹಿಡಿಯುವ ಕ್ರಮ ಅಲ್ಲಿ. ನಿಂಬೆರಸದಲ್ಲಿ ಹಾಕಿದ್ದು, ಕರಿದದ್ದು, ಒಳಗೆ ಹೂರಣ ತುಂಬಿದ್ದು, ಎಲ್ಲ ಸಿಗ್ತದೆ. ಕರಿದದ್ದನ್ನು ಕಾಗದದ ಕೋನಿನಲ್ಲಿ ಕೊಡ್ತಾರೆ, ತಲೆಯಿಂದ ಬಾಲದವರೆಗೆ ತಿನ್ಬಹುದು. ಲಾ ಸ್ಪೆತ್ಸಿಯಕ್ಕೆ ಹೋದ್ರೆ ಪಚ್ಚಿಲೆ, ಚಿಪ್ಪಿನೊಳಗಿನದ್ದು. ಇಟಲಿಯ ಬೇರೆ ಕಡೆ ಕೊತ್ಸೆ ಅಂತಾರೆ, ಅಲ್ಲಿ 'ಮುಸ್ಕೊಲಿ'. ಆ ಕೊಲ್ಲಿಯಲ್ಲೇ ಬೆಳೆಸ್ತಾರೆ. ಮೆನುವಿನಲ್ಲಿ ಮುಸ್ಕೊಲಿ ಅಂತ ಬರೆದ ಹೋಟೆಲು ಊರಿನವರಿಗಾಗಿ ಬರೆದದ್ದು ಅಂತ ನನ್ನ ಲೆಕ್ಕ.

ಮಿಲಾನಿನಿಂದ, ಧಾರವಾಡದಾಕಿ

ನಾವು ಬ್ಯಾಸಗಿ ಬಂತಂದ್ರ ಟ್ರೇನ್ ಹಿಡದು ಆ ಕಡೆ ಓಡೋರು. ಮ್ಯಾಲೆ ತಮ್ಮ ಫರಿನಾತ ಹೇಳ್ಯಾನ, ಪಾನಿಸ್ಸ ಬಿಟ್ಟಾನ! ಕಡ್ಲಿಹಿಟ್ಟು ಗಟ್ಟಿ ಕುದಿಸಿ, ಆರಿಸಿ, ತುಂಡು ಮಾಡಿ ಎಣ್ಣಿಯೊಳಗ ಕರೀತಾರ. ನಾ ಮೊದಲ ಸಲ ತಿಂದಾಗ ಅಂಗಡಿ ಮುಂದನ ನಿಂತು ನಮ್ಮವ್ವಗ ಫೋನ್ ಮಾಡಿದ್ದೆ, 'ಅವ್ವಾ, ಇಲ್ಲಿ ಜುಣಕದ ವಡಿ ಮಾಡ್ತಾರ' ಅಂತ. ಒಗ್ಗರಣಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಆದ್ರೂ ವಡಿನ ಅದು. ಕಿಸೆಯೊಳಗ ಚಟ್ನಿಪುಡಿ ಇಟಗೋರಿ.

ತಾಯಿಯವರ ಸಲುವಾಗಿ ನಾಕು ಮಾತು. 'ಸೋನೊ ವೆಜೆತರಿಯಾನ' ಅಂತಷ್ಟ ಅಂದ್ರ ಸಾಲಂಗಿಲ್ಲ. 'ಸೆಂತ್ಸ ಕಾರ್ನೆ, ಸೆಂತ್ಸ ಪೆಶೆ, ಸೆಂತ್ಸ ವೋವ' ಅನ್ರಿ, ಮಾಂಸ ಬ್ಯಾಡ, ಮೀನ ಬ್ಯಾಡ, ತತ್ತಿ ಬ್ಯಾಡ. ಕೆಲವರಿಗೆ ಅಚ್ಚೂಗೆ ಅಂದ್ರ ಮೀನs ಅಲ್ಲ, ಉಪ್ಪಿದ್ದಂಗ. ಅದಕ್ಕ ಅದರ ಹೆಸರು ತಗೊಂಡು ಬ್ಯಾರೆ ಕೇಳ್ರಿ. 'ರಿಪಿಯೆನಿ' ಅಂತ ತುಂಬಿದ ಕಾಯಿಪಲ್ಲೆ ನೋಡಿ ಮರುಳಾಗಬ್ಯಾಡ್ರಿ, ನಮ್ಮ ಎಣ್ಣಿಗಾಯಿ ಹಂಗ ಕಾಣ್ತದ, ಒಳಗ ಭಾಳ ಸಲ ಮಾಂಸ ಇರ್ತದ. ಪಾನ್ಸೊತಿ ಅಂತ ಸೊಪ್ಪು ತುಂಬಿದ ಕಡುಬು, ಅಕ್ರೋಟಿನ ಸಾರಿನೊಳಗ ಕೊಡ್ತಾರ, ಜೀವ ಹೋಗುವಷ್ಟು ರುಚಿ, ಆದ್ರ ಕಣಕದಾಗ ತತ್ತಿ ಇರಬಹುದು, ಕೇಳ್ರಿ. ಫೊಕಾಚ್ಚಕ್ಕ 'ಸ್ತ್ರುತ್ತೊ' ಹಾಕ್ಯಾರೇನು ಅಂತನೂ ಕೇಳ್ರಿ, ಹಂದಿ ಕೊಬ್ಬು ಅದು. ಲಿಗೂರಿಯದಾಗ ಆಲಿವ್ ಎಣ್ಣಿನ ರೂಢಿ, ಆದ್ರೂ ಕೇಳಿದ್ರ ನಷ್ಟ ಏನು. ಚೀಸಿನ ರೆನೆಟ್ (ಹಾಲು ಗಟ್ಟಿ ಮಾಡಾಕ ಹಾಕೂದು) ಬಗ್ಗೆ ತಾಯಿಯವರು ಕಟ್ಟುನಿಟ್ಟು ಇದ್ರ ಪಾರ್ಮಿಜಾನೊ ಚೀಸ್ ಬಿಡಬೇಕಾಗ್ತದ. ಅದರಾಗಿನ ರೆನೆಟ್ ಕರುವಿನ ಹೊಟ್ಟಿದು.

ಜೆನೋವದಿಂದ ಲೆವಂತೊಕ್ಕ ಹೋಗೂ ದಾರ್ಯಾಗ ರೆಕ್ಕೊದಾಗ ಇಳೀರಿ. ಅಲ್ಲಿ ಚೀಸಿನ ಫೊಕಾಚ್ಚ ಸಿಗ್ತದ. ಈಸ್ಟ್ ಇಲ್ಲ, ಹಪ್ಪಳಕ್ಕಿಂತ ತೆಳ್ಳಗ ಲಟ್ಟಿಸಿದ ಎರಡು ಪದರು, ನಡುವ ಹಸಿ ಚೀಸ್. 2015ರಾಗ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತಾನೂ ಸಿಕ್ಕದ. ಬಿಸಿ ಇರೂದರಾಗ ಕಡದ್ರ ನಾಲಿಗಿ ಸುಡ್ತದ, ನಂದು ಪ್ರತಿ ಸಲ ಸುಟ್ಟದ.

ಮತ್ತ ಹೊತ್ತು! ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ಮ್ಯಾಲೆ. ನಡುವ ಅಡಗಿ ಮನಿ ಬಂದ್. ನಾಕು ಗಂಟೇಕ್ಕ ಬಾಗಲಾ ತಗದು 'ಬರ್ರಿ ಬರ್ರಿ' ಅಂತ ಕೈ ಬೀಸಿ ಕರ್ಯಾವ ಊರವರಿಗೆ ಅಡಗಿ ಮಾಡಾಂವ ಅಲ್ಲ.

ಮೈಸೂರು, ನಿವೃತ್ತ ಮೇಷ್ಟ್ರು

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಒಂದು ತಕರಾರಿದೆ. 'ಇಂಗ್ಲಿಷ್ ಮೆನು ಇದ್ದರೆ ಹೋಗಬೇಡಿ' ಎಂದು ಎಲ್ಲೆಡೆ ಓದಿ, ನಾನು ನನ್ನ ಮನೆಯವರನ್ನು ಮಂಡಿನೋವಿನಲ್ಲಿ ಅರ್ಧ ಊರು ಸುತ್ತಿಸಿದೆ. ಚಿಂಕ್ವೆ ತೆರ್ರೆಯಂಥ ಜಾಗದಲ್ಲಿ ಒಳ್ಳೆಯ ಹೋಟೆಲಿನಲ್ಲೂ ಇಂಗ್ಲಿಷ್ ಮೆನು ಇರುತ್ತದೆ, ಬರುವವರೆಲ್ಲ ಪ್ರವಾಸಿಗರೇ ತಾನೆ. ಭಾಷೆ ನೋಡಬೇಡಿ, ಉದ್ದ ನೋಡಿ. ಒಂದೇ ಹಾಳೆ, ಹತ್ತು ಹನ್ನೆರಡು ಹೆಸರು ಇದ್ದರೆ ಕೂತುಕೊಳ್ಳಿ. ಪಿಜ್ಜಾ, ಲಸಾನ್ಯ, ಬರ್ಗರ್, ಫೋಟೊ ಸಮೇತ ಎಂಟು ಪುಟವಿದ್ದರೆ ಬೇಡ.

ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಎರಡು ಮೂರು ಯೂರೊ ಬರುತ್ತದೆ. ಜಗಳ ಮಾಡಬೇಡಿ (ನಾನು ಮಾಡಿದೆ). ಅದು ಬ್ರೆಡ್ಡು, ಮೇಜಿನ ಲೆಕ್ಕ, ಮೆನುವಿನಲ್ಲೇ ಬರೆದಿರುತ್ತದೆ. ಅದರ ಮೇಲೆ ಟಿಪ್ಸ್ ಕೊಡಲೇಬೇಕೆಂದೇನೂ ಇಲ್ಲ.

ಕೊರ್ನೀಲ್ಯ ಹಳ್ಳಿ ಗುಡ್ಡದ ಮೇಲಿದೆ, ಸ್ಟೇಷನ್ನಿನಿಂದ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು. ಬಸ್ಸಿದೆ, ಹಿರಿಯರನ್ನು ಅದರಲ್ಲೇ ಕರೆದೊಯ್ಯಿರಿ. ಮೂರನೆಯ ದಿನ ನಿಮ್ಮ ತಾಯಿ ಮೊಸರನ್ನ ಕೇಳುತ್ತಾರೆ, ನೋಡುತ್ತಿರಿ. ಸೂಪರ್ ಮಾರ್ಕೆಟ್ಟಿನಲ್ಲಿ 'ಯೋಗುರ್ತ್ ಬಿಯಾಂಕೊ' ಎಂದರೆ ಸಪ್ಪೆ ಮೊಸರು. ಸಕ್ಕರೆ ಹಾಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಕೇಳಿದವಳೇ, ವಾಪಸ್ ಬಂದು

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಮೂರನೇ ದಿನ ಅಲ್ಲ, ಎರಡನೇ ದಿನಕ್ಕೇ ಮೊಸರನ್ನ ಕೇಳಿದ್ರು.

ಮುಂದೆ ಹೋಗೋರಿಗೆ ನನ್ನ ಕಡೆಯಿಂದ: ಲೆವಂತೊದಲ್ಲಿ ಉಳಿದಿದ್ದು ಒಳ್ಳೇದಾಯ್ತು. ಮೊಂತೆರೊಸ್ಸೊಗೆ ಟ್ರೇನಲ್ಲಿ ಐದೇ ನಿಮಿಷ, ಹಗಲು ಅಲ್ಲಿ ಸುತ್ತಿ ರಾತ್ರಿ ಊಟಕ್ಕೆ ವಾಪಸ್. ಲೆವಂತೊದ್ದೇ ತಿಂಡಿ ಗತ್ತಫಿನ್, ಸೊಪ್ಪು ತುಂಬಿ ಕರಿದ ಕರಿಗಡಬು. ಕೇಳಿದ್ವಿ, ಮೊಟ್ಟೆ ಇದೆ ಅಂದ್ರು, ಅಮ್ಮ ಬಿಟ್ರು, ಅಪ್ಪ ನಾನು ಮುಗಿಸಿದ್ವಿ. ವೆರ್ನಾತ್ಸದಲ್ಲಿ ಒಂದು ಕಡೆ ನೀರು ನೋಡ್ತಾ ಕೂರೋಣ ಅಂತ ಆಸೆಬಿದ್ದು ಕೂತ್ವಿ, ಪೆಸ್ತೊ ಬಿಸಿ ಮಾಡಿ ಕಪ್ಪಗೆ ತಂದ. ನೋಟ ಚೆನ್ನಾಗಿತ್ತು.

ಅಮ್ಮನಿಗೆ ಭಾಳ ಹಿಡಿಸಿದ್ದು ಯಾರೂ ಹೇಳದೇ ಇದ್ದದ್ದು. ಲಾ ಸ್ಪೆತ್ಸಿಯದಲ್ಲಿ ಮಾರ್ಕೆಟ್ ಹತ್ತಿರ ಕೆಲಸದವರು ಮಧ್ಯಾಹ್ನ ಉಣ್ಣೋ ಜಾಗ, ಹಲಗೆ ಮೇಲೆ ಚಾಕ್‌ಪೀಸಲ್ಲಿ 'ಮೆಸ್‌ಚುವ' ಅಂತ ಬರೆದಿತ್ತು. ಕಾಬೂಲಿ ಕಡಲೆ, ಬಿಳಿ ಹುರುಳಿಬೀಜ, ಇಡೀ ಗೋಧಿ, ಬೇಯಿಸಿ ಮೇಲೆ ಎಣ್ಣೆ, ಮೆಣಸಿನ ಪುಡಿ. ಹಿಂದೆ ಬಂದರಲ್ಲಿ ಮೂಟೆ ಇಳಿಸುವಾಗ ಚೆಲ್ಲಿದ ಕಾಳುಗಳನ್ನ ಆರಿಸಿ ತಂದು ಬೇಯಿಸ್ತಿದ್ರು ಅಂತ ಅಲ್ಲಿ ಕಥೆ. ಅಮ್ಮ ತಟ್ಟೆ ಒರೆಸಿ, 'ಉಸ್ಲಿ ಇದು, ಒಗ್ಗರಣೆ ಮರೆತಿದಾರೆ' ಅಂದ್ರು.

ಜೆನೋವದ ಫರಿನಾತ ಅಂಗಡಿಯಲ್ಲಿ ಅಮ್ಮ ಕೈಸನ್ನೆಯಲ್ಲೇ ಅಳತೆ ಕೇಳಿಬಿಟ್ರು. ಅಲ್ಲಿಯವರು ಹಿಟ್ಟಿಗೆ ಒಂದು ಬೆರಳು, ನೀರಿಗೆ ಮೂರು ಬೆರಳು ತೋರಿಸಿದ್ರು. ಕಳೆದ ಭಾನುವಾರ ನಮ್ಮ ಒಟಿಜಿ ಓವನ್ನಿನಲ್ಲಿ ಮಾಡಿದ್ರೆ ಮೇಲೆ ಕೆಂಪಾಗಲೇ ಇಲ್ಲ, ತಳ ಹಿಡೀತು. ಶಿವಮೊಗ್ಗದವರೇ, ಎಷ್ಟು ಡಿಗ್ರಿ ಇಡಬೇಕು?

ಜೆನೋವದಲ್ಲಿ ಓದುತ್ತಿರುವ ಶಿವಮೊಗ್ಗದವನು

250ಕ್ಕಿಂತ ಕಡಿಮೆ ಬೇಡ. ತಟ್ಟೆ ಎಣ್ಣೆ ಸಮೇತ ಮೊದಲೇ ಕಾಯಲಿ, ಹಿಟ್ಟು ತೆಳ್ಳಗೆ ಇರಲಿ, ಅರ್ಧ ಬೆರಳು ದಪ್ಪವೂ ಬೇಡ. ಅಂದಹಾಗೆ ನೊರೆ ತೆಗೆದ್ರಾ?