30×40 ಸೈಟಿನ ಇಂಗುಬಾವಿಗೆ ಜಲ್ಲಿ ತುಂಬಬೇಕೇ?

ತಾರಸಿ:
ಬೆಂಗಳೂರಿನಲ್ಲಿ 30×40 ಸೈಟು, ತಾರಸಿ ಸುಮಾರು 100 ಚದರ ಮೀಟರ್. ತಾರಸಿಯ ಮಳೆನೀರನ್ನು ನೆಲಕ್ಕೆ ಇಂಗಿಸಲು ಮನೆ ಮುಂದೆ 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ತೋಡಿಸಬೇಕು. ಮೇಸ್ತ್ರಿ ಜಲ್ಲಿ, ಇದ್ದಿಲು, ಮರಳು ತುಂಬಿ ಮುಚ್ಚೋಣ ಅನ್ನುತ್ತಿದ್ದಾರೆ. ಸರಿಯೇ? ಈಗಿನ ಜೋರು ಮಳೆಗೆ ಈ ಅಳತೆ ಸಾಕೇ?

ಒರತೆ:
ತುಂಬಿಸಲೇಬೇಡಿ. ಖಾಲಿ ಬಿಟ್ಟರೆ ಆ ಬಾವಿ 4,000 ಲೀಟರ್ ಹಿಡಿಯುತ್ತದೆ. ಜಲ್ಲಿ ಸುರಿದರೆ ಉಳಿಯುವುದು ಕಲ್ಲಿನ ಸಂದಿಗಳಷ್ಟೇ, 1,600 ಲೀಟರ್ ಸಿಕ್ಕರೆ ಹೆಚ್ಚು. ಹೂಳು ಕಟ್ಟಿದರೆ ಅಷ್ಟೂ ಜಲ್ಲಿ ಹೊರಗೆ ತೆಗೆಯಬೇಕು. ಖಾಲಿ ಬಾವಿಯಾದರೆ ಮುಚ್ಚಳ ತೆಗೆದು, ಚೆನ್ನಾಗಿ ಗಾಳಿಯಾಡಿಸಿ, ಆಳು ಇಳಿಸಿ ಕೆಸರೆತ್ತಿಸಬಹುದು.

ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿ. ಸಂದಿಗೆ ಗಾರೆ ಮೆತ್ತಬೇಡಿ, ತಳಕ್ಕೆ ಕಾಂಕ್ರೀಟ್ ಹಾಕಬೇಡಿ. ನೀರು ಇಂಗುವುದೇ ಅಲ್ಲಿಂದ. ಜಲ್ಲಿ ಬೇಕಾದದ್ದು ರಿಂಗಿನ ಹೊರಗೆ, ಮಣ್ಣಿಗೂ ರಿಂಗಿಗೂ ನಡುವೆ. ಸೋಸುವ ಕೆಲಸ ಬಾವಿಗೆ ಮೊದಲೇ ಮುಗಿಯಲಿ: ಪೈಪಿನ ಬಾಯಿಗೆ ಜಾಲರಿ, ಮೊದಲ 1–2 ಮಿ.ಮೀ. ಮಳೆ (ನಿಮಗೆ 100–200 ಲೀಟರ್) ಹೊರಬಿಡಲು ಒಂದು ವಾಲ್ವ್.

ರಾಜಕಾಲುವೆ:
ಅಳತೆಯ ಲೆಕ್ಕ ಸುಲಭ. 1 ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. 60 ಮಿ.ಮೀ. ಸುರಿದರೆ 6,000, ತಾರಸಿ ಹೀರಿದ್ದು, ಚೆಲ್ಲಿದ್ದು ಕಳೆದು 5,400 ಅಂದುಕೊಳ್ಳಿ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿ 130 ಮಿ.ಮೀ. ಬಿದ್ದಿತ್ತಲ್ಲ, ಅಂಥದ್ದಕ್ಕೆ 11,700 ಲೀಟರ್. ಅಗಲವನ್ನು 4 ಅಡಿ ಮಾಡಿದರೆ ಬಾವಿ 7,100 ಲೀಟರ್ ಹಿಡಿಯುತ್ತದೆ. ಒಂದಡಿ ಹೆಚ್ಚಿಸಿದ್ದಕ್ಕೆ ಇಷ್ಟು ಲಾಭ! ಜಾಗವಿದ್ದರೆ ಅದನ್ನೇ ಮಾಡಿಸಿ.

ಆದರೂ ಬಾವಿ ತುಂಬುತ್ತದೆ. ತುಂಬಿ ಹರಿಯುವ ಪೈಪನ್ನು ಮಳೆನೀರಿನ ಮೋರಿಗೇ ಕೊಡಿ, ಯುಜಿಡಿಗೆ (ನೆಲದಡಿಯ ಒಳಚರಂಡಿಗೆ) ಬೇಡ. ಅದರ ಕೊಳವೆ ಕೊಳಚೆ ನೀರಿನ ಲೆಕ್ಕಕ್ಕಷ್ಟೇ ಹಾಕಿದ್ದು. ಬೀದಿಯ ತಾರಸಿಗಳೆಲ್ಲ ಅದಕ್ಕೇ ಸುರಿದರೆ ತಗ್ಗಿನವರ ಮನೆ ಮುಂದೆ ಮ್ಯಾನ್‌ಹೋಲ್ ಉಕ್ಕುತ್ತದೆ. ಬಡಾವಣೆ ಮುಳುಗಲು ಇದೂ ಒಂದು ಕಾರಣ, ಮೋರಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ.

ತೋಡುವಾಗ 10 ಅಡಿಗೇ ನೀರು ಸಿಕ್ಕರೆ (ಹಳೇ ಕೆರೆ ಅಂಗಳದಲ್ಲಿ ಸಾಮಾನ್ಯ) ಇಂಗಲು ಜಾಗವಿಲ್ಲ ಅಂತಲೇ ಅರ್ಥ. ಆಗ ಆ ದುಡ್ಡನ್ನು ಸಂಪ್ (ನೆಲದಡಿಯ ನೀರಿನ ತೊಟ್ಟಿ) ಕಟ್ಟಲು ಹಾಕಿ.

ತಾರಸಿ:
ಕಾರು ನಿಲ್ಲಿಸುವ ಜಾಗದ ನೀರನ್ನೂ ಬಿಡಬಹುದೇ?

ಒರತೆ:
ಬೇಡ. ಎಣ್ಣೆ, ಸೋಪು ನೇರ ಅಂತರ್ಜಲಕ್ಕೆ ಇಳಿಯುತ್ತವೆ. ಬಾವಿಯನ್ನು ಮನೆಯ ಪಾಯಕ್ಕೂ ಯುಜಿಡಿ ಚೇಂಬರಿಗೂ ಅಂಟಿಸಿ ತೋಡಿಸಬೇಡಿ. ಚೇಂಬರ್ ಸೋರಿದರೆ ಬಾವಿ ಕೊಳಚೆ ಗುಂಡಿಯೇ.