ವೈರ್‌ಲೆಸ್ ಅಲಾರಂ ಹಾಕಿಸಿದವರು ಹೇಳಿ: ಸೆನ್ಸರ್ ಎಲ್ಲೆಲ್ಲಿ ಕೂಡಿಸಿದಿರಿ?

ಜೇವರ್ಗಿ ರಸ್ತೆ, ಕಲಬುರಗಿ (ಕೇಳಿದವರು): ಮೇ ತಿಂಗಳು ಪೂರ್ತಿ ಮಗನ ಹತ್ತಿರ ಪುಣೆಗೆ ಹೋಗುತ್ತೇವೆ. ಮನೆಗೆ ಬೀಗ. ಮುಂದೆ ಕಬ್ಬಿಣದ ಬಾಗಿಲು, ಹಿತ್ತಲಿಗೆ ಒಂದು, ಮಾಳಿಗೆ ಮೇಲೆ ಒಂದು. 12 ಸಾವಿರದೊಳಗೆ ಮುಗಿಯಬೇಕು. ಅನುಭವ ಹೇಳಿ.

ಸೇಡಂ ರಸ್ತೆಯವರು: ಅನುಭವ ಬೇಕಾ ಸರ್? ಬರೆದುಕೊಳ್ಳಿ. ಸೆನ್ಸರ್‌ಗಳ ಸಿಗ್ನಲ್ ಹಿಡಿದು ಸೈರನ್ ಕೂಗಿಸುವ ಪ್ಯಾನೆಲ್, ಮೈಯ ಕಾವು ಕದಲಿದರೆ ಹಿಡಿಯುವ 3 ಮೋಷನ್ ಸೆನ್ಸರ್, 4 ಬಾಗಿಲ ಸೆನ್ಸರ್, ಸೈರನ್ ಸೇರಿ 14,800. ಕೂಡಿಸಿದ ಹುಡುಗನಿಗೆ 1,200. ಅವನು ಹಾಲ್‌ನ ಸೆನ್ಸರನ್ನು ಸೀದಾ ಕೂಲರ್ ಕಿಟಕಿಗೆ ಮುಖ ಮಾಡಿ ಹೊಡೆದು ಹೋದ. ಏಪ್ರಿಲ್‌ನಲ್ಲಿ ಕೂಲರ್ ಹಚ್ಚಿದೆವು. ಪರದೆ ಹಾರಾಡಿತು, ರಾತ್ರಿ 2 ಗಂಟೆಗೆ ಸೈರನ್. ಮೂರು ರಾತ್ರಿ ಇದೇ ಕತೆ. ಎದುರು ಮನೆಯವರು ಮಾತು ಬಿಟ್ಟವರು ಇವತ್ತಿಗೂ ಆಡುವುದಿಲ್ಲ. ಕೊನೆಗೆ ನಾನೇ ಕಿತ್ತು ಮೂಲೆಗೆ, ಏಳು ಅಡಿ ಎತ್ತರಕ್ಕೆ ಹಾಕಿದೆ. ಕಳ್ಳ ಸೀದಾ ಎದುರಿಗೆ ನಡೆದು ಬಂದರೆ ಅದಕ್ಕೆ ತಡವಾಗಿ ತಿಳಿಯುತ್ತದೆ, ಅಡ್ಡ ಹಾದರೆ ಬೇಗ. ಹಳೇ ತೂತಿಗೆ ಪುಟ್ಟಿ, ಬಣ್ಣ 640. ಆ ಹುಡುಗ ಫೋನ್ ಎತ್ತಲ್ಲ.

ಬೀದರ್‌ನವರು: ಹುಡುಗನ ತಪ್ಪಿಗೆ ಸಾಮಾನೇನು ಮಾಡುತ್ತದೆ? ನನ್ನ ಕತೆ ಕೇಳಿ. ಅಜ್ಜನ ಕಾಲದ ಮನೆ, ಕೆಂಪುಕಲ್ಲಿನ ಗೋಡೆ ಎರಡೂವರೆ ಅಡಿ ದಪ್ಪ. ಡಬ್ಬಿ ಮೇಲೆ 100 ಮೀಟರ್ ಅಂತ ಇತ್ತು. ಅದು ಬಯಲಿನ ಲೆಕ್ಕ! ಪಡಸಾಲೆಯ ಪ್ಯಾನೆಲ್‌ಗೂ ಹಿತ್ತಲ ಬಾಗಿಲಿಗೂ ನಡುವೆ ಮೂರು ಗೋಡೆ. ಸಿಗ್ನಲ್ ಎರಡು ದಾಟಿತು, ಮೂರನೆಯದಕ್ಕೆ ಸುಸ್ತಾಯಿತು. ಸಿಗ್ನಲ್ ಹಿಡಿದು ಮುಂದೆ ದಾಟಿಸುವ ರಿಪೀಟರ್‌ಗೆ 2,100. ಅದೋ ಕರೆಂಟಿನ ಮೇಲೆ ನಡೆಯುವುದು. ಇನ್ವರ್ಟರ್ ಲೈನ್‌ಗೆ ಮತ್ತೆ 900. ಕೊನೆಗೆ ವೈರನ್ನೇ ಎಳೆಸಿದೆ. ಮೊದಲೇ ವೈರ್ ಎಳೆಸಿಬಿಡಿ.

ಶಹಾಬಜಾರದ ಅಕ್ಕ: ವೈರ್ ಎಳೆಸಬೇಕಂತೆ! ಇಲಿ ಕಡಿದಾಗ ಬನ್ನಿ, ಮಾತಾಡೋಣ. ನಾನು ಯಾರನ್ನೂ ಕರೆಯದೆ ಒಂದೇ ಭಾನುವಾರದಲ್ಲಿ ಎಲ್ಲ ಕೂಡಿಸಿದೆ. ಡಬಲ್ ಟೇಪ್, ಮೇಲೆ ಸ್ಕ್ರೂ. ಕಬ್ಬಿಣದ ಬಾಗಿಲು ಮಾತ್ರ ಆಟ ಆಡಿಸಿತು. ಬಾಗಿಲ ಸೆನ್ಸರ್ ಎರಡು ತುಂಡು: ಸೆನ್ಸರ್ ಚೌಕಟ್ಟಿಗೆ, ಆಯಸ್ಕಾಂತ ಬಾಗಿಲಿಗೆ; ಆಯಸ್ಕಾಂತ ದೂರ ಸರಿದರೆ ಬಾಗಿಲು ತೆರೆದ ಲೆಕ್ಕ. ಆ ಆಯಸ್ಕಾಂತವನ್ನು ಕಬ್ಬಿಣಕ್ಕೇ ಅಂಟಿಸಿದರೆ ಅದರ ಬಲವನ್ನು ಬಾಗಿಲೇ ನುಂಗುತ್ತದೆ. ಬಾಗಿಲು ಹಾಕಿದ್ದರೂ ಪ್ಯಾನೆಲ್ ತೆರೆದಿದೆ ಅನ್ನುತ್ತದೆ. ಕೆಳಗೆ ಅರ್ಧ ಇಂಚು ಮರದ ಪಟ್ಟಿ ಕೊಟ್ಟೆ, ಸರಿಹೋಯಿತು. ಬೆರಳುದ್ದದ ತುಂಡಿಗೆ ಬಡಗಿ 150 ತಗೊಂಡ. ಅದೊಂದು ಸಿಟ್ಟು ಇನ್ನೂ ಇದೆ.

ಸೇಡಂ ರಸ್ತೆಯವರು: ಅಕ್ಕಾರೇ, ನಮ್ಮ ಬಿಸಿಲಿಗೆ ಡಬಲ್ ಟೇಪ್ ನಿಲ್ಲುತ್ತದಾ?

ಶಹಾಬಜಾರದ ಅಕ್ಕ: ಸ್ಕ್ರೂ ಅಂತಲೂ ಬರೆದಿದ್ದೇನೆ. ಪೂರ್ತಿ ಓದಿ.

ಬೀದರ್‌ನವರು: ಕಲಬುರಗಿ ಬಿಸಿಲಿಗೆ ಯಾವ ಸೆನ್ಸರೂ ನಿಲ್ಲಲ್ಲ ಬಿಡಿ. ಮೈಯ ಕಾವೂ ಗೋಡೆಯ ಕಾವೂ ಹತ್ತಿರ ಹತ್ತಿರ ಆದರೆ ಮೋಷನ್ ಸೆನ್ಸರ್‌ಗೆ ಮನುಷ್ಯ ಕಾಣಿಸುವುದೇ ಕಷ್ಟ. ನಮ್ಮದು ಎತ್ತರದ ಊರು, ತಂಪು ಗಾಳಿ.

ಸೇಡಂ ರಸ್ತೆಯವರು: ತಂಪು ಗಾಳಿ ಇದ್ದರೆ ಸಿಗ್ನಲ್ ಯಾಕೆ ಸುಸ್ತಾಯಿತು?

ಯಾದಗಿರಿಯವರು: ಬಿಸಿಲಿನ ಮಾತು ನಮ್ಮ ಮುಂದೆ ಬೇಡ, ಇಬ್ಬರಿಗೂ ಹೇಳುತ್ತಿದ್ದೇನೆ. ನನ್ನ ಪ್ಯಾನೆಲ್ ಸಿಮ್ ಹಾಕುವಂಥದ್ದು. 28 ದಿನದ ರೀಚಾರ್ಜ್ ಮರೆತು ತಿರುಪತಿಗೆ ಹೋದೆ. ಸೆನ್ಸರ್ ಮುಖದ ಮೇಲೆ ಹಲ್ಲಿ ಹರಿದಾಡಿತು. ಸೈರನ್ ಓಣಿಗೆಲ್ಲ ಕೇಳಿತು, ನನಗೆ ಮಾತ್ರ ಮೆಸೇಜ್ ಇಲ್ಲ. ಪಕ್ಕದವರು ಫ್ಯೂಸ್ ಕಿತ್ತರೂ ಸುಮ್ಮನಾಗಲಿಲ್ಲ, ಒಳಗೆ ಬ್ಯಾಟರಿ ಇತ್ತಲ್ವಾ! ಫ್ಯೂಸ್ ವಾಪಸ್ ಹಾಕುವುದನ್ನು ಮರೆತರು. ಫ್ರಿಜ್‌ನಲ್ಲಿದ್ದ ಎರಡು ಕೆಜಿ ಬೆಣ್ಣೆ ಹೋಯಿತು. ಎಮ್ಮೆ ಬೆಣ್ಣೆ.

ಶಹಾಬಜಾರದ ಅಕ್ಕ: ಎರಡು ಕೆಜಿ ಬೆಣ್ಣೆ ಕಾಸದೆ ಇಟ್ಟು ಊರಿಗೆ ಹೋಗುತ್ತಾರಾ ಯಾರಾದರೂ?

ಕೇಳಿದವರು: ಎಲ್ಲರಿಗೂ ಧನ್ಯವಾದ. ನಮ್ಮಲ್ಲಿ ಕೂಲರ್ ಇಲ್ಲ. ಮಾಳಿಗೆ ಬಾಗಿಲಿಗೆ ಯಾವುದು ಹಾಕಲಿ?

ಬೀದರ್‌ನವರು: ವೈರ್.

ಶಹಾಬಜಾರದ ಅಕ್ಕ: ಮತ್ತೆ ಶುರು ಮಾಡಿದರು ನೋಡಿ.